ಅಪ್ಪನ ಎಡೆಗೆ ಬೆರೆಸಿದ್ದು

ನಾನು ಕುಡುಕನಲ್ಲ. ಶಿಕಾರಿಪುರದಲ್ಲಿ ಪಂಪ್‌ಸೆಟ್ಟಿನ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ ಇಟ್ಟುಕೊಂಡಿದ್ದೇನೆ. ಭಾನುವಾರ ಒಂದೆರಡು ಗ್ಲಾಸು, ಅದೂ ಮನೆಯಲ್ಲೇ. ಆದರೆ ಬೆರೆಸುವ ಹುಚ್ಚೊಂದಿತ್ತು. ಮೊಬೈಲಿನಲ್ಲಿ ನೋಡಿ ನೋಡಿ ಒಂದನ್ನು ಕಲಿತಿದ್ದೆ: ರಮ್ಮು, ಜಿನ್ನು, ವೋಡ್ಕಾ ಎಲ್ಲ ಒಂದೇ ಲೋಟಕ್ಕೆ, ಜತೆಗೆ ನಿಂಬೆಹುಳಿ, ಸಕ್ಕರೆ ಪಾಕ, ಮೇಲಿಂದ ಕೋಲಾ. ನೋಡಲು ಹಾಲಿಲ್ಲದ ಚಹಾ, ಕುಡಿದರೆ ಶರಬತ್ತು. ಎದ್ದು ನಿಂತಾಗಲೇ ಗೊತ್ತಾಗುವುದು ಕಾಲು ಎಲ್ಲಿದೆ ಎಂದು. ಅದಕ್ಕೆ ಬೇಕಿದ್ದ ಟಕೀಲಾ ಇದೆಯಾ ಎಂದು ಕೇಳಿದ್ದಕ್ಕೆ ವೈನ್ ಶಾಪಿನವನು ನನ್ನ ಮುಖವನ್ನೇ ನೋಡಿದ್ದ. ಅದರ ಬದಲು ಬ್ರಾಂದಿ ಹಾಕಿದೆ. ಕಿತ್ತಳೆಯ ಮದ್ಯದ ಬದಲು ಕಂಚಿಕಾಯಿ ಸಿಪ್ಪೆಯನ್ನು ಪಾಕದಲ್ಲಿ ಕುದಿಸಿದೆ. ಕೆಮ್ಮಿನ ಔಷಧಿಯ ಮುಚ್ಚಳವೇ ನನ್ನ ಅಳತೆ. ಗೆಳೆಯರು ಹೊಗಳಿದರು, ನಾನು ಉಬ್ಬಿಹೋದೆ.

ನಮ್ಮ ಮೂಲಮನೆ ಸೊರಬದ ಕಡೆ, ಹೊಸಬಾಳೆಯಿಂದ ಸ್ವಲ್ಪ ಒಳಗೆ. ಅಲ್ಲಿ ಅಣ್ಣ, ಅತ್ತಿಗೆ, ಅವ್ವ ಇದ್ದರು. ಅಪ್ಪ ಹೋದ ಮೇಲೆ ನನ್ನನ್ನು ಐಟಿಐ ಓದಿಸಿದವನು ಅಣ್ಣನೇ. ಅಪ್ಪನ ಗದ್ದೆಯ ಜತೆ ಅಪ್ಪನ ಚಟವೂ ಅವನ ಪಾಲಿಗೆ ಬಂದಿತ್ತು. ಆ ವರ್ಷ ಸಂಕ್ರಾಂತಿ ಕಳೆದ ಮೇಲೆ ಮದ್ಯವರ್ಜನ ಶಿಬಿರಕ್ಕೆ ಹೋಗಿ ಕೂತು ಬಂದ. ಇನ್ನು ಮುಟ್ಟಿದರೆ ಲಿವರ್ ಉಳಿಯುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ಎಂಟು ತಿಂಗಳು ಅವನು ಒಂದು ಹನಿ ಮುಟ್ಟಲಿಲ್ಲ. ಕೈ ನಡುಗುವುದು ನಿಂತಿತು, ಮುಖಕ್ಕೆ ಮಾಂಸ ಬಂತು. ಅತ್ತಿಗೆ ನಗುವುದನ್ನು, ಅವರ ಮದುವೆಯ ಹೊಸತು ಬಿಟ್ಟರೆ, ನಾನು ಆಗಲೇ ಫೋನಿನಲ್ಲಿ ಕೇಳಿದ್ದು.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅವತ್ತು ಹಿರಿಯರಿಗೆ ಎಡೆ ಇಡುತ್ತೇವೆ. ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವೋ ಅದೆಲ್ಲ ಬಾಳೆಲೆಯ ಮೇಲೆ ಇರಬೇಕು. ಎಡೆ ಇಟ್ಟು, ಹಿರಿಯರು ಬಂದು ಉಣ್ಣಲಿ ಎಂದು ಕೋಣೆಯ ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತೆರೆಯುತ್ತೇವೆ. ಆಮೇಲೆ ಇಟ್ಟ ಪ್ರತಿಯೊಂದನ್ನೂ ಹಿರಿಯ ಮಗ ಮೊದಲು ಬಾಯಿಗೆ ಮುಟ್ಟಿಸಬೇಕು. ಅಪ್ಪನ ಎಲೆಯ ಪಕ್ಕ ಪ್ರತಿ ವರ್ಷ ಒಂದು ಲೋಟ ಬ್ರಾಂದಿ ಇರುತ್ತಿತ್ತು.

ಈ ಸಲ ಬೇಡ ಎಂದರು ಅತ್ತಿಗೆ. ಅವ್ವ ಒಪ್ಪಲಿಲ್ಲ. “ವರ್ಷಕ್ಕೊಂದ್ಸಲ ಬರ್ತಾರೆ ಅವ್ರು. ಬರಿ ಪಾಯಸ ಕೊಟ್ಟು ಕಳ್ಸಾದಾ? ತುಟಿಗೆ ಸೋಕ್ಸಿದ್ರೆ ಸಾಕು, ಕುಡಿ ಅಂತ ಯಾರು ಹೇಳಿದ್ರು?” ಎಂದು ಕಣ್ಣೀರು ಹಾಕಿದಳು. ಅಣ್ಣ ಇಬ್ಬರ ಮುಖವನ್ನೂ ನೋಡಿ ನನ್ನ ಕಡೆ ತಿರುಗಿದ. “ತುಟಿಗಾದ್ರೆ ಅಡ್ಡಿಲ್ಲ ಕಣಾ. ಆದ್ರೆ ಆ ಬ್ರಾಂದಿ ವಾಸನೆ ಬಂದ್ರೆ ತಡ್ಕಳಕೆ ಆಗಾದಿಲ್ಲ ನಂಗೆ.”

ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ. ವಾಸನೆ ತಾನೇ, ಅದನ್ನು ನನಗೆ ಬಿಡಿ ಎಂದೆ. ಅಪ್ಪನಿಗೂ ಸಲ್ಲುತ್ತದೆ, ಅಣ್ಣನಿಗೂ ತೊಂದರೆಯಿಲ್ಲ. ನ್ಯಾಯ ತೀರಿಸಿದವನ ಹಾಗೆ ಬೀಗುತ್ತಾ, ಸೊರಬದಿಂದ ಕ್ವಾರ್ಟರುಗಳನ್ನು ತಂದೆ. ಹಿತ್ತಲ ಕಟ್ಟೆಯ ಮೇಲೆ ಸ್ಟೀಲ್ ಚೊಂಬಿಗೆ ನಾಲ್ಕನ್ನೂ ಮುಚ್ಚಳದಲ್ಲಿ ಅಳೆದಳೆದು ಹಾಕಿದೆ. ಬ್ರಾಂದಿಯ ಘಾಟು ಅಡಗಲಿ ಎಂದು ಪಾಕ ಹೆಚ್ಚಿಗೆ ಸುರಿದೆ. ಐಸು ಹಾಕಿ, ತಟ್ಟೆ ಮುಚ್ಚಿ ಕುಲುಕಿದೆ. ಅತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಷ್ಟೊಂದು ಬೇಕಾ?” ಎಂದರು. ಎಡೆಗೆ ಅರ್ಧ ಲೋಟ ಇಡಬಾರದು ಎಂದು ನಾನೇ ಅವರಿಗೆ ಶಾಸ್ತ್ರ ಹೇಳಿದೆ.

ಬಾಗಿಲು ತೆರೆದಾಗ ಮಧ್ಯಾಹ್ನ. ಅಣ್ಣ ಸ್ನಾನ ಮಾಡಿ, ಪಂಚೆ ಉಟ್ಟು ಬಂದು ಎಡೆಯ ಮುಂದೆ ಕೂತ. ಅನ್ನ, ಕಡುಬು, ಸಾರು ಎಲ್ಲವನ್ನೂ ಬಾಯಿಗೆ ಮುಟ್ಟಿಸಿ ಕೊನೆಗೆ ಲೋಟ ಎತ್ತಿದ. ತುಟಿಗೆ ಸೋಕಿಸಿದ. ಕೆಳಗಿಟ್ಟ. ಕಣ್ಣು ಮುಚ್ಚಿ ಕೈ ಮುಗಿದ. ಅಲ್ಲಿಗೆ ಮುಗಿದಿತ್ತು.

“ಹೆಂಗಿದೆ?” ಎಂದೆ ನಾನು.

ಅಣ್ಣ ಕಣ್ಣು ಬಿಟ್ಟ. ತುಟಿ ನೆಕ್ಕಿಕೊಂಡ. “ತಡಿ,” ಎಂದು ಲೋಟವನ್ನು ಮತ್ತೆ ಎತ್ತಿ ಒಂದು ಗುಟುಕು ಕುಡಿದ. ಗಂಟಲು ಸುಡಲಿಲ್ಲ, ಮುಖ ಕಿವುಚಲಿಲ್ಲ. ಸುಡಬಾರದು ಎಂದೇ ಅಲ್ಲವೇ ನಾನು ಅಷ್ಟು ಪಾಕ ಸುರಿದದ್ದು. ಇನ್ನೊಂದು ಗುಟುಕು. ಆಮೇಲೆ ಲೋಟ ಕೆಳಗಿಳಿಯಲೇ ಇಲ್ಲ. “ಚಲೋ ಆಗಿದೆ ಕಣಾ,” ಎಂದ. ನನಗೆ ಖುಷಿಯಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಒಂದು ಕ್ಷಣ ನಿಜವಾಗಿಯೂ ಖುಷಿಯಾಯಿತು.

ಚೊಂಬಿನಲ್ಲಿ ಉಳಿದದ್ದನ್ನು ನಾನು ಬಚ್ಚಲಿಗೆ ಸುರಿಯುವಷ್ಟರಲ್ಲಿ ಅವನು ಬೈಕು ಹತ್ತಿ ಹೋಗಿಯಾಗಿತ್ತು. ಎರಡು ದಿನ ಮನೆಗೆ ಬರಲಿಲ್ಲ. ಆಮೇಲೆ ಒಂದು ಸಲ ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ನನ್ನ ಅಂಗಡಿಗೇ ಬಂದ. ಕಾಯಿಲ್ ಸುತ್ತುತ್ತಿದ್ದ ನನ್ನ ಮುಂದೆ ನಿಂತು, “ಅವತ್ತಿಂದು ಒಂದು ಲೋಟ ಮಾಡಿಕೊಡು ಮಾರಾಯ,” ಎಂದ. ಕೈ ಮತ್ತೆ ನಡುಗುತ್ತಿತ್ತು. ನಾನು ಸಿಟ್ಟಿಗೆದ್ದು ಬಾಯಿಗೆ ಬಂದಂತೆ ಬೈದೆ. ಗಿರಾಕಿಗಳ ಮುಂದೆ ತಲೆ ತಗ್ಗಿಸಿಕೊಂಡು ಹೋದ. ಮತ್ತೆ ಶಿಬಿರಕ್ಕೆ ಕರೆದರೆ ಬರಲಿಲ್ಲ. ಬೇಸಿಗೆಯ ಹೊತ್ತಿಗೆ ಹೊಟ್ಟೆ ಊದಿತು, ಕಣ್ಣು ಹಳದಿಯಾಯಿತು. ಶಿವಮೊಗ್ಗದ ಆಸ್ಪತ್ರೆಯಲ್ಲಿ ಹತ್ತು ದಿನ ನರಳಿ ತೀರಿಕೊಂಡ.

ಬಂದವರಿಗೆಲ್ಲ ಅವ್ವ ಒಂದೇ ಮಾತು ಹೇಳುತ್ತಿದ್ದಳು: “ಅವ್ರಪ್ಪನೇ ಕರ್ಕಂಡ್ರು. ಎಡೆ ಲೋಟ ಪೂರ್ತಿ ಖಾಲಿ ಮಾಡ್ದಾಗ್ಲೇ ನಂಗೆ ಗೊತ್ತಾತು.” ಬಂದವರು ತಲೆಯಾಡಿಸುತ್ತಿದ್ದರು. ಪ್ರತಿ ಸಲ ಆ ಮಾತು ಕೇಳಿದಾಗಲೂ ನನಗೆ ಉಸಿರು ಬಂದಂತಾಗುತ್ತಿತ್ತು. ನಾನೂ ಹೂಂ ಎನ್ನುತ್ತಿದ್ದೆ.

ತಿಥಿ ಮುಗಿದ ದಿನ ಸಂಜೆ ನೆಂಟರೆಲ್ಲ ಹೊರಟಿದ್ದರು. ಅತ್ತಿಗೆ ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಿದ್ದರು. ನಾನು ನೀರು ಸೇದಿ ಕೊಡುತ್ತಿದ್ದೆ.

“ಅವತ್ತು ಅವ್ರು ಲೋಟ ಕೆಳಗಿಟ್ಟಿದ್ರು,” ಎಂದರು ಅತ್ತಿಗೆ, ತಲೆ ಎತ್ತದೆ. “ನಾನು ಬಾಗ್ಲಲ್ಲೇ ಇದ್ದೆ. ಹೆಂಗಿದೆ ಅಂತ ನೀವು ಎಂತಕ್ಕೆ ಕೇಳಿದ್ರಿ?”

ಅಪ್ಪನೇ ಕರೆದುಕೊಂಡರು ಎಂಬ ಅವ್ವನ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಚಲೋ ಆಗಿದೆ ಅಂತ ಅವನ ಬಾಯಲ್ಲಿ ಕೇಳ್ಬೇಕಿತ್ತು,” ಎಂದೆ.

“ಹೇಳಿದ್ರಲ್ಲ,” ಎಂದರು ಅತ್ತಿಗೆ, ಪಾತ್ರೆ ಉಜ್ಜುತ್ತಲೇ.