ಸಿಡಿಮದ್ದು ಅಳೆಯುವ ಮಷೀನು

ಲಂಡನ್ನಿನ ಹೌನ್ಸ್ಲೋದಲ್ಲಿ ಬಂದೂಕಿನ ಸಾಮಾನು ಮಾರುವ ಅಂಗಡಿಗೆ ನಾನು ಕೆಲಸಕ್ಕೆ ಸೇರಿದ ಹೊಸತು. ಖಾಲಿ ತೋಟಾಗಳಿಗೆ ಮನೆಯಲ್ಲೇ ಮದ್ದು ತುಂಬಿಕೊಳ್ಳುವ ಹವ್ಯಾಸದ ಇಂಗ್ಲಿಷ್ ಮುದುಕರೊಬ್ಬರು ಬಂದರು. ಮದ್ದು ಅಳೆಯಲು ಹಿಡಿಕೆ ತಿರುಗಿಸುವ ಹಳೇ ಮಾದರಿ ಒಳ್ಳೆಯದೋ, ಗುಂಡಿ ಒತ್ತಿದರೆ ತಾನೇ ತೂಗಿ ಸುರಿಯುವ ಆಟೊಮ್ಯಾಟಿಕ್ ಒಳ್ಳೆಯದೋ ಅಂತ ಅವರ ಪ್ರಶ್ನೆ. ಧೂಳು ಹಿಡಿದು ಕೂತಿದ್ದ ಆ ಆಟೊಮ್ಯಾಟಿಕ್ ಮಾರಿದರೆ ಮಾತ್ರ ನನ್ನ ಕೆಲಸ ಖಾಯಂ ಅಂತ ಮಾಲೀಕ ಮೊದಲೇ ಹೇಳಿದ್ದ. ದೀಪಾವಳಿ ಪಟಾಕಿ ಬಿಟ್ಟರೆ ಬೇರೆ ಮದ್ದು ಕಂಡವನಲ್ಲ ನಾನು.

"ಆಟೊಮ್ಯಾಟಿಕ್ಕೇ ತಗೊಳ್ಳಿ ಸರ್" ಎಂದೆ.

"ಅದನ್ನು ನಂಬಬಹುದಾ?"

ಬಾಯಿ ತಪ್ಪಿ ನಿಜ ಬಂದುಬಿಟ್ಟಿತು. "ನಮ್ಮನೇಲಿ ವಾಷಿಂಗ್ ಮಷೀನ್ ಇದೆ. ಅದು ಒಗೆದ ಬಟ್ಟೇನ ನನ್ನ ಹೆಂಡತಿ ಬಾತ್‌ಟಬ್ಬಿನಲ್ಲಿ ಮತ್ತೆ ಜಾಲಾಡಿಸ್ತಾಳೆ."

ಕೆಲಸ ಹೋಯಿತು ಅಂದುಕೊಂಡೆ. ಮುದುಕರು ಗಂಭೀರವಾಗಿ ತಲೆದೂಗಿದರು.

"ಆಟೊಮ್ಯಾಟಿಕ್ ಕೊಡಪ್ಪ. ಅದು ತೂಗಿದ್ದನ್ನು ಮತ್ತೆ ತೂಗೋಕೆ ಒಂದು ತಕ್ಕಡೀನೂ ಕೊಡು."

ಸಂಜೆ ಇದನ್ನು ತಮಾಷೆ ಎಂದು ಹೆಂಡತಿಗೆ ಹೇಳಿದೆ. ಅವಳು ನಗಲಿಲ್ಲ. ಟಬ್ಬಿನ ಮುಂದೆ ಕೂತವಳು, "ಶಾಣ್ಯಾ ಮನಷ್ಯಾ ಇದ್ದಾನ್ರೀ. ಸಾಬೂನು ಹೋತೋ ಇಲ್ಲೋ, ಮಷೀನಿಗೇನ್ ಗೊತ್ತು?" ಎಂದು ನನ್ನ ಕೈಗೆ ಒದ್ದೆ ಬೆಡ್‌ಶೀಟಿನ ಒಂದು ತುದಿ ಕೊಟ್ಟಳು.

ಅಂತೂ ಅವತ್ತು ನನಗೆ ಎರಡು ಕೆಲಸ ಖಾಯಂ ಆದವು. ಅಂಗಡಿಯದನ್ನು ಆಮೇಲೆ ಬಿಟ್ಟೆ.