ಮುಂಗಾಲಿಗಿಂತ ಮುಂದಿನ ಆಸನ

ಕೊಟ್ಟೂರಿನ ಸಮತಾ ಹುಟ್ಟಿದ್ದು ೧೯೯೬ನೆಯ ಇಸವಿ ಏಪ್ರಿಲ್ ೧೪, ಭಾನುವಾರ. ಆ ತಾರೀಖನ್ನು ನೋಡಿಯೇ ತಂದೆ ಆ ಹೆಸರನ್ನು ಇಟ್ಟದ್ದು. ಹರಪನಹಳ್ಳಿಯ ಕಚೇರಿಯೊಂದರಲ್ಲಿ ಆಕೆಗೆ ನೌಕರಿ. ದಿನವೂ ಬಸ್ಸಿನಲ್ಲಿ ಹೋಗಿಬರುತ್ತಾಳೆ. ವಿಮಾನವನ್ನು ಎಂದೂ ಹತ್ತಿದವಳಲ್ಲ. ಆದರೂ ಸಂಜೆ ಮುಖ ತೊಳೆದವಳೇ ಕಂಪ್ಯೂಟರಿನ ಮುಂದೆ ಕುಳಿತು ಸಿಮ್ಯುಲೇಟರಿನಲ್ಲಿ ವಿಮಾನ ನಡೆಸುತ್ತಾಳೆ. ಕುಳಿತಷ್ಟು ಹೊತ್ತೂ ಮೊಣಕಾಲು ಅಲುಗುತ್ತಲೇ ಇರುತ್ತದೆ.

ಆಕೆಯ ಆಸಕ್ತಿ ಆಕಾಶದಲ್ಲಲ್ಲ, ನೆಲದಲ್ಲಿ. ಇಳಿದ ವಿಮಾನವು ಹಳದಿ ಗೆರೆ ಹಿಡಿದು ತಿರುವು ದಾಟುವಾಗ ಮುಂಗಾಲಿ ನಿಜದಂತೆ ಹೊರಳುತ್ತದೆಯೇ, ಪರದೆಗೆ ಹೊರನೋಟ ಕೊಡುವ ಕಾಕ್‌ಪಿಟ್ಟಿನ ಕ್ಯಾಮೆರಾ ಪೈಲಟ್ಟಿನ ಕಣ್ಣಿರುವ ಜಾಗದಲ್ಲಿಯೇ ಇದೆಯೇ ಎಂಬುದನ್ನು ಪಟ್ಟುಹಿಡಿದು ನೋಡುತ್ತಾಳೆ. ಅದಕ್ಕೆಂದೇ ಪುಣೆಯ ಹವ್ಯಾಸಿ ತಂಡವೊಂದು ತಾನು ಸಿಮ್ಯುಲೇಟರಿಗಾಗಿ ರೂಪಿಸುತ್ತಿದ್ದ ದೊಡ್ಡ ಜೆಟ್ ವಿಮಾನದ ಪರೀಕ್ಷಕರಲ್ಲಿ ಆಕೆಯನ್ನೂ ಸೇರಿಸಿಕೊಂಡಿತು. ಬಿಡುಗಡೆಯ ದಿನ ೨೦೨೫ರ ಫೆಬ್ರವರಿ ೧೫. ಅಂದು ಆರಂಭದ ಪರದೆಯ ಮೇಲೆ ಪರೀಕ್ಷಕರ ಹೆಸರುಗಳು ಮೂಡಲಿದ್ದವು. ಅವುಗಳ ನಡುವೆ ತನ್ನ ಹೆಸರನ್ನು ನೋಡಬೇಕೆಂಬುದೊಂದೇ ಸಮತಾಳ ಆಸೆ.

ಆದರೆ ಪ್ರತಿ ತಿರುವಿನಲ್ಲೂ ಒಳಬದಿಯ ಗಾಲಿ ಹುಲ್ಲಿಗೆ ಇಳಿಯುತ್ತಿತ್ತು. ಬೆನ್ನ ಹಿಂದೆ ನಿಂತು ನೋಡುತ್ತಿದ್ದ ದೊಡ್ಡಪ್ಪ ಗಂಗಪ್ಪ ನಕ್ಕರು.

“ಏನವ್ವಾ, ನಿನ್ನ ಇಮಾನ ಹುಲ್ಲು ಮೇಯಾಕ ಹೊಂಟೈತಿ?”

ಆಕೆಗೆ ಟ್ರ್ಯಾಕ್ಟರ್ ಓಡಿಸಲು ಕಲಿಸಿದವರು ಅವರೇ. ಟ್ರ್ಯಾಕ್ಟರಿನಲ್ಲಿ ಸೀಟು ಹಿಂದೆ, ಹೊರಳುವ ಗಾಲಿ ಮುಂದೆ, ಕಣ್ಣೆದುರಿಗೇ. ಹೊಲದ ಬದು ಇನ್ನೂ ತುಸು ದೂರವಿರುವಾಗಲೇ ಸ್ಟೇರಿಂಗ್ ಎಳೆದು, ಒಂದೇ ಬದಿಯ ಬ್ರೇಕನ್ನು ಒತ್ತಿ ಹೊರಳಿಸಬೇಕು. ಆ ಲೆಕ್ಕದಲ್ಲಿಯೇ ಹೊರಳಿಸಿದರೂ ಗಾಲಿ ಹುಲ್ಲಿಗೆ ಇಳಿಯುವುದರಿಂದ ಇಬ್ಬರೂ ಕೂಡಿ, ಕ್ಯಾಮೆರಾವನ್ನು ತೀರಾ ಮುಂದೆ ಇಟ್ಟಿದ್ದಾರೆಂದು ತೀರ್ಮಾನಿಸಿದರು. ಫೆಬ್ರವರಿ ೮ರ ಶನಿವಾರ ಸಮತಾ ತಂಡಕ್ಕೆ ಹಾಗೆಂದೇ ಬರೆದಳು. ೧೧ರಂದು ಉತ್ತರ ಬಂತು: ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿದ್ದೇವೆ, ವಂದನೆಗಳು.

೧೩ರ ಗುರುವಾರ ಬೆಳಿಗ್ಗೆ ಬಸ್ಸಿನಲ್ಲಿ ಆಕೆಗೆ ಚಾಲಕನ ಪಕ್ಕದ ಮುಂದಿನ ಸೀಟು ಸಿಕ್ಕಿತು. ಹರಪನಹಳ್ಳಿಯ ನಿಲ್ದಾಣಕ್ಕೆ ತಿರುಗುವ ಕಡೆ ಚಾಲಕ ಸ್ಟೇರಿಂಗ್ ಎಳೆಯಲೇ ಇಲ್ಲ. ಬಸ್ಸಿನ ಮೂತಿ ಚರಂಡಿಯ ಮೇಲಕ್ಕೆ ಚಾಚಿತು. ಸಮತಾ ಎದುರಿನ ಕಂಬಿ ಹಿಡಿದುಕೊಂಡಳು. ಆಮೇಲಷ್ಟೇ ಬಸ್ಸು ನಿರಾಯಾಸವಾಗಿ ಹೊರಳಿತು. ಮುಂಗಾಲಿ ಇದ್ದದ್ದು ಚಾಲಕನ ಬೆನ್ನ ಹಿಂದೆ. ಆ ಜೆಟ್ಟಿನಲ್ಲೂ ಹಾಗೆಯೇ. ಪೈಲಟ್ ತಿರುವನ್ನು ದಾಟಿ ಮುಂದೆ ಹೋಗಿ ಆಮೇಲೆ ಹೊರಳಿಸಬೇಕು. ಕ್ಯಾಮೆರಾ ಮೊದಲಿದ್ದಲ್ಲಿಯೇ ಸರಿಯಾಗಿತ್ತು.

ಕಚೇರಿಯಲ್ಲಿ ಅಂದು ಕುರ್ಚಿ ಮುಳ್ಳಾಯಿತು. ತಿಳಿಸಿದರೆ ಹೆಸರು ಹೋಗಬಹುದು. ತಿಳಿಸದಿದ್ದರೆ ಆ ತಪ್ಪು ಜಾಗದಲ್ಲಿ ಎಷ್ಟೋ ಮಂದಿ ಕುಳಿತು ನೋಡುತ್ತಾರೆ. ಊಟದ ಡಬ್ಬಿ ತೆರೆದದ್ದು ಹಾಗೆಯೇ ಮುಚ್ಚಿತು. ಸಂಜೆ ಮನೆಗೆ ಬಂದು ದೊಡ್ಡಪ್ಪನಿಗೆ ಎಲ್ಲವನ್ನೂ ಹೇಳಿದಳು.

“ಅವ್ರು ಒಪ್ಪಿಕೊಂಡಾರ, ಬಿಡು. ನೀ ಯಾಕ ಕೆದಕ್ತಿ?” ಎಂದರು ಗಂಗಪ್ಪ.

“ನಾವಿಬ್ಬರೂ ಟ್ರ್ಯಾಕ್ಟರ್ ಮ್ಯಾಲೆ ಕುಂತು ಇಮಾನ ನೋಡೀವಿ, ದೊಡ್ಡಪ್ಪಾ.”

ಸಮತಾ ಬರೆದದ್ದನ್ನು ಅಳಿಸಿ, ಮತ್ತೆ ಬರೆದು, ಕಡೆಗೆ ಕಳುಹಿಸಿದಳು. ೧೪ರ ಮಧ್ಯಾಹ್ನ ಉತ್ತರ ಬಂತು. ಕ್ಯಾಮೆರಾ ಮೊದಲಿನ ಜಾಗಕ್ಕೆ ಮರಳಿದೆ. ಸ್ಟೇರಿಂಗಿನ ಪರೀಕ್ಷೆಯನ್ನು ಬೇರೊಬ್ಬರಿಗೆ ಒಪ್ಪಿಸಲಾಗಿದೆ. ಈ ಆವೃತ್ತಿಯಲ್ಲಿ ನಿಮ್ಮ ಹೆಸರು ಇರುವುದಿಲ್ಲ.

ಬಿಡುಗಡೆಯ ದಿನ ಆಕೆ ಎಲ್ಲರಂತೆಯೇ ಆ ಜೆಟ್ಟನ್ನು ಅಂತರ್ಜಾಲದಿಂದ ಕಂಪ್ಯೂಟರಿಗೆ ಇಳಿಸಿಕೊಂಡಳು. ಆರಂಭದ ಪರದೆಯನ್ನು ಓದದೆ ದಾಟಿಸಿದಳು. ವಿಮಾನ ನೆಲಕ್ಕಿಳಿದು ತಿರುವಿನ ಹತ್ತಿರ ಬಂತು. ಹಳದಿ ಗೆರೆ ಎಡಕ್ಕೆ ಬಾಗಿತು, ಕಿಟಕಿಯ ತುಂಬ ಹುಲ್ಲು ಬಂತು, ತಿರುಗಿಸಲೆಂದು ಎಡಗೈ ತನ್ನಷ್ಟಕ್ಕೆ ಮುಂದಾಯಿತು.

“ತಿರುಗ್ಸವ್ವಾ, ತಿರುಗ್ಸು,” ಎಂದರು ಹಿಂದಿನಿಂದ ಗಂಗಪ್ಪ.

“ಇನ್ನಾ ತಡಿ, ದೊಡ್ಡಪ್ಪಾ.”