‘ಹಾಕೇನಿ’ ಅಂದರೆ ‘ಮುಟ್ಟೈತಿ’ ಅಂತಲ್ಲ

ದರದ ಮಾತಿನಲ್ಲಿ ನನ್ನನ್ನು ಸೋಲಿಸಿದವರು ಇಂಡಿ ತಾಲೂಕಿನಲ್ಲಿ ಕಡಿಮೆ. ಮೊನ್ನೆ ಒಂದು ಕ್ರಿಯಾಪದ ಸೋಲಿಸಿತು. ‘ಹಾಕು’ ಅಂತ ಅದರ ಹೆಸರು. ನಮ್ಮ ಮಾತಿನಲ್ಲಿ ಅದರಷ್ಟು ದುಡಿಯುವ ಪದ ಇನ್ನೊಂದಿಲ್ಲ. ಗಿಡ ಹಾಕುತ್ತೇವೆ, ಅಂಗಿ ಹಾಕುತ್ತೇವೆ, ತಪ್ಪನ್ನು ಪಕ್ಕದವರ ಮೇಲೆ ಹಾಕುತ್ತೇವೆ. ಮೇಲ್ ಹಾಕುವುದೂ ಅದೇ, ಪೋಸ್ಟ್ ಹಾಕುವುದೂ ಅದೇ. ಇಲ್ಲೇ ನಾನು ಎಡವಿದ್ದು.

ನಾನು ನಿಂಬೆ ಸಸಿ ಮಾರುವವನು. ಮೊದಲು ದೊಡ್ಡದೊಂದು ಕಂಪನಿಯ ಜಾಲತಾಣದಲ್ಲಿ ನನ್ನದೊಂದು ಪುಟವಿತ್ತು, ಅಲ್ಲೇ ಗಿರಾಕಿಗಳೂ ಇದ್ದರು. ಒಂದು ಬೆಳಿಗ್ಗೆ ಪುಟ ಮುಚ್ಚಿತು. ನಿಯಮ ಮುರಿದಿದ್ದೀರಿ ಅಂದರು. ಯಾವ ನಿಯಮ ಅಂತ ಕೇಳಲು ಮನುಷ್ಯರೇ ಸಿಗಲಿಲ್ಲ. ಎದುರಿಗೆ ಕೂರುವವರೇ ಇಲ್ಲದ ಕಡೆ ಚೌಕಾಶಿ ಮಾಡುವುದು ಹೇಗೆ? ಇನ್ನೊಬ್ಬರ ಅಂಗಳದಲ್ಲಿ ಚಪ್ಪರ ಹಾಕುವುದಿಲ್ಲ ಅಂತ ಅವತ್ತೇ ತೀರ್ಮಾನಿಸಿದೆ. ಸಿಂದಗಿಯಲ್ಲಿ ಕಂಪ್ಯೂಟರ್ ಕಲಿಸುವ ಶೈಲಜಾ ಟೀಚರು ನಮ್ಮಂಥವರಿಗಾಗಿ ಸಣ್ಣದೊಂದು ಸರ್ವರ್ ನಡೆಸುತ್ತಾರೆ. ಅದು ಒಬ್ಬ ಒಡೆಯನಿಲ್ಲದ ಸಾಮಾಜಿಕ ಜಾಲದ ಒಂದು ಕಟ್ಟೆ. ಅಂಥ ಕಟ್ಟೆಗಳು ಲೋಕದ ತುಂಬ ಇವೆ, ಒಂದರ ಮಾತು ಇನ್ನೊಂದಕ್ಕೆ ಹರಿಯುತ್ತದೆ. ನನ್ನ ಫಲಕವನ್ನು ಅಲ್ಲಿಗೆ ಒಯ್ದೆ.

ಮುದ್ದೇಬಿಹಾಳದ ನೀಲವ್ವ ಹೊಲಕ್ಕೆ ನೀರು ಬಂತೆಂದು ಮುನ್ನೂರು ಸಸಿ ಕೇಳಿದರು. ಫೋನಿನಲ್ಲಿ ಅರ್ಧ ತಾಸು ಜಗ್ಗಾಡಿ ದರ ಕುದುರಿತು. ಸೋಮವಾರ ನನ್ನ ಗಾಡಿ ಬಸವನ ಬಾಗೇವಾಡಿಯವರೆಗೆ ಬರುವುದು, ಅಲ್ಲಿಂದ ಅವರ ಟೆಂಪೊ. “ದಿನ ಏನರ ಬದಲಾದ್ರ ಹಾಕ್ತೇನ್ರಿ” ಅಂದೆ. “ಹಾಕ್ರಿ, ನೋಡ್ತಿರ್ತೇನಿ” ಅಂದರು. ಇಬ್ಬರಿಗೂ ಸಮಾಧಾನ.

ಗಾಡಿ ಕೆಟ್ಟಿತು. ಶನಿವಾರವೇ ಟೀಚರ ಕಟ್ಟೆಯ ನನ್ನ ಫಲಕದ ಮೇಲೆ ‘ಬಾಗೇವಾಡಿಗೆ ಸೋಮವಾರ ಇಲ್ಲ, ಗುರುವಾರ’ ಅಂತ ಹಾಕಿದೆ. ಸೋಮವಾರ ಫೋನನ್ನು ಅಂಗಡಿಯಲ್ಲಿ ಚಾರ್ಜಿಗಿಟ್ಟು ಲಚ್ಯಾಣದಲ್ಲಿ ಒಬ್ಬರ ತೋಟದಲ್ಲಿ ಸಸಿ ನೆಡುವ ಗುಣಿ ಅಳೆಸುತ್ತಿದ್ದೆ. ಸಂಜೆ ಬಂದು ನೋಡಿದರೆ ನೀಲವ್ವನ ಹದಿನಾಲ್ಕು ಕರೆ. ತಿರುಗಿ ಫೋನು ಮಾಡಿದೆ.

“ಮುಂಜಾನಿಂದ ಟೆಂಪೊ ನಿಂದರಿಸಿಕೊಂಡು ಬಿಸಿಲಾಗ ನಿಂತೇನಿ. ಹಾಕ್ತೇನಿ ಅಂದಿದ್ರಲ್ಲ?”

“ಶನಿವಾರನ ಹಾಕೇನ್ರಿ ಅಕ್ಕಾರ.”

“ಎಲ್ಲಿ ಹಾಕೀರಿ? ಮೇಲ್‌ನಾಗ ನಿಮ್ಮ ಹೆಸರಾ ಇಲ್ಲ.”

“ಮೇಲ್ ಅಲ್ರಿ, ಜಾಲದಾಗ. ಗಾಡಿ ಕೆಟ್ಟೈತಿ, ಗುರುವಾರ ಬರ್ತೈತಿ ಅಂತ.”

“ಜಾಲದಾಗ ಇರಾಕ ನಾ ಏನ ಮೀನೇನ್ರಿ? ಗುರುವಾರ ತನಕ ನೋಡ್ತೇನಿ. ಅವತ್ತೂ ಹಿಂಗಾದ್ರ ಬ್ಯಾರೆ ಕಡೆ ತರಸ್ತೇನಿ.”

ಮುನ್ನೂರು ಸಸಿ ಹೋದರೆ ಹೋಗಲಿ, ಇನ್ನೊಬ್ಬರು ಕೊಳ್ಳುತ್ತಾರೆ. ಮಾತಿಗೆ ತಪ್ಪಿದವನು ಅಂತ ಮುದ್ದೇಬಿಹಾಳದವರೆಗೆ ಹೆಸರಾಗುವುದು ಬೇರೆ.

ತಪ್ಪನ್ನು ಫೋನಿನಲ್ಲೇ ಶೈಲಜಾ ಟೀಚರ ಮೇಲೆ ಹಾಕಲು ಹೋದೆ. ಅವರು ಶಾಂತವಾಗಿ ನನ್ನ ಮೇಲೇ ಹಾಕಿದರು. “ಅಣ್ಣಾರ, ಮೇಲ್‌ಗೆ ಒಬ್ಬರ ವಿಳಾಸ ಇರ್ತೈತಿ. ಅವರ ಮನಿ ಹುಡಿಕ್ಕೊಂಡು ಹೋಗ್ತೈತಿ. ಬಾಗಿಲ ಹಾಕಿದ್ರ ಮತ್ತ ಬಡೀತೈತಿ, ಮನೀನ ಸಿಗಲಿಲ್ಲಂದ್ರ ಹೊಳ್ಳಿ ಬಂದು ಹೇಳ್ತೈತಿ. ಇಲ್ಲಿ ನೀವು ನಿಮ್ಮ ಕಟ್ಟಿ ಮ್ಯಾಲ ನಿಂತು ಒದರಿದ್ರಿ. ನಿಮ್ಮನ್ನ ಹಿಂಬಾಲಿಸೋರ ಕಟ್ಟಿಗಷ್ಟ ಅದು ಹೋಗ್ತೈತಿ. ಯಾರು ಕೇಳಲಿಲ್ಲ ಅನ್ನೋದು ನಿಮಗ ತಿಳಿಯೂದಿಲ್ಲ.”

ನನ್ನ ಅಂಗಡಿಯಲ್ಲೇ ಕೂತು ಕೇಳುತ್ತಿದ್ದ ಬೀಜದಂಗಡಿ ಬಸಪ್ಪನಿಗೆ ಹಬ್ಬ. “ಎಲ್ಲಾರೂ ದೊಡ್ಡ ಕಂಪನ್ಯಾಗ ಕುಂತಾರ, ನಿನಗೊಬ್ಬಗ ಬ್ಯಾರೆ ಗುಡಿಸಲು. ಸಾಕ್ ಮಾಡೋ ಮಾರಾಯ, ಹೊಳ್ಳಿ ಬಾ.”

ಬರುವುದಿಲ್ಲ ಅಂದೆ. ಈಗಲೂ ಅದನ್ನೇ ಹೇಳುತ್ತೇನೆ. ನನ್ನ ಕಟ್ಟೆಗೆ ದನಿ ಸಣ್ಣದು, ಒಪ್ಪಿದೆ. ಆದರೆ ನನ್ನ ಬಾಯಿಗೆ ಬೀಗ ಹಾಕುವ ಮೊದಲು ಶೈಲಜಾ ಟೀಚರು ನನ್ನ ಮುಖ ನೋಡಿ ಜಗಳಾಡಬೇಕು. ಜಗಳಾಡಲು ಬರುವ ಮನುಷ್ಯನಿದ್ದರೆ ವ್ಯಾಪಾರಿಗೆ ಅಷ್ಟು ಸಾಕು. ತಪ್ಪು ಕಟ್ಟೆಯದಲ್ಲ, ಸಾರುವ ಕಡೆ ಮುಟ್ಟಿಸುವ ಕೆಲಸ ಕೇಳಿದ ನನ್ನದು. ನೀವೂ ಇದನ್ನೊಂದು ಗಂಟು ಹಾಕಿಕೊಳ್ಳಿ: ನಿಮ್ಮ ಹತ್ತಿರ ಸಸಿ ಇದೆ ಅನ್ನುವುದನ್ನು ಕಟ್ಟೆಯ ಮೇಲೆ ಒದರಿ. ಯಾವ ದಿನ ಬರುತ್ತದೆ ಅನ್ನುವುದನ್ನು ಹೆಸರು ಹಿಡಿದು ಮೇಲ್ ಮಾಡಿ. ಮೇಲ್‌ಗೂ ಒಬ್ಬನೇ ಒಡೆಯನಿಲ್ಲ ಎಂಬುದನ್ನು ಬಸಪ್ಪನಂಥವರು ಮರೆಯುತ್ತಾರೆ, ಅವನಿಗೂ ಅದನ್ನೇ ಹೇಳಿದೆ. ಯಾರ ಅಂಚೆಮನೆಯಿಂದ ಯಾರ ಅಂಚೆಮನೆಗೂ ಅದು ಹೋಗುತ್ತದೆ. ನನ್ನ ಗುಡಿಸಲಿಗೆ ಅದು ಹಿರಿಯ ಅಣ್ಣ.

ಅವತ್ತೇ ನೀಲವ್ವನಿಗೆ ಮೇಲ್ ಬರೆದೆ. ಗುರುವಾರ, ಹನ್ನೊಂದು ಗಂಟೆ, ಬಾಗೇವಾಡಿ. ಕೆಳಗೆ, ‘ಮುಟ್ಟಿದ ಕೂಡಲೇ ಮುಟ್ಟೈತಿ ಅಂತ ಬರೀರಿ.’ ಮಂಗಳವಾರ ಉತ್ತರವಿಲ್ಲ. ಬುಧವಾರ ಮಧ್ಯಾಹ್ನವೂ ಇಲ್ಲ. ನನ್ನ ಮೇಲ್ ಹೊಳ್ಳಿಯೂ ಬಂದಿಲ್ಲ. ಹಿರಿಯ ಅಣ್ಣನ ಬಗ್ಗೆ ಬಸಪ್ಪನ ಮುಂದೆ ಬಹಳ ಮಾತಾಡಿಬಿಟ್ಟೆನೇನೋ ಅನ್ನಿಸಿತು. ಸೊಕ್ಕು ಬದಿಗಿಟ್ಟು ಫೋನು ಮಾಡಿದೆ. “ತಡೀರಿ, ನೋಡ್ತೇನಿ” ಅಂತ ಇಟ್ಟುಬಿಟ್ಟರು. ಸ್ವಲ್ಪ ಹೊತ್ತಿಗೆ ಮೇಲ್ ಬಂತು:

‘ಮುಟ್ಟೈತಿ. ನಿಮ್ಮನ್ನ ಸ್ಪ್ಯಾಮ್ ಅಂತ ಕಸದ ಡಬ್ಯಾಗ ಹಾಕಿತ್ತು. ತಗದೇನಿ.’